ಡಿಜೆ ಸೆಟ್ ಯಾವುದು ತಗೊಳ್ಳಲಿ ಅಂತ ಕೇಳುವವರಿಗೆ

ಕಳೆದ ಸಲ ಅಡಿಕೆ ಕೊಯ್ಲು ಮುಗಿದ ಮೇಲೆ ರಿಪ್ಪನ್‌ಪೇಟೆ ಕಡೆಯ ಒಬ್ಬ ಹುಡುಗ ಶಿವಮೊಗ್ಗದ ವಿನೋಬನಗರದ ನಮ್ಮ ಮನೆಗೆ ಬಂದಿದ್ದ. ಅಡಿಕೆ ಮಾರಿದ ದುಡ್ಡಲ್ಲಿ ಅವರಪ್ಪ ಒಂದಿಷ್ಟು ಅವನ ಕೈಗೆ ಕೊಟ್ಟಿದ್ದರು.

"ಅಣ್ಣ, ಟರ್ನ್‌ಟೇಬಲ್ ತಗೊಳ್ಲಾ, ಕಂಟ್ರೋಲರ್ ತಗೊಳ್ಲಾ? ಸಿಂಕ್ ಬಟನ್ ಒತ್ತೋರು ಡಿಜೆನೇ ಅಲ್ಲ ಅಂತಾರಲ್ಲ."

ಟರ್ನ್‌ಟೇಬಲ್ ಅಂದರೆ ಪ್ಲೇಟು, ಅಂದರೆ ಹಾಡಿನ ರೆಕಾರ್ಡು, ತಿರುಗಿಸುವ ಯಂತ್ರ. ಕಂಟ್ರೋಲರ್ ಅಂದರೆ ಲ್ಯಾಪ್‌ಟಾಪಿನ ಹಾಡನ್ನು ಚಕ್ರ, ಬಟನ್‌ಗಳಿಂದ ಆಡಿಸುವ ಪೆಟ್ಟಿಗೆ. ಸಿಂಕ್ ಒತ್ತಿದರೆ ಎರಡು ಹಾಡಿನ ತಾಳವನ್ನು ಸಾಫ್ಟ್‌ವೇರೇ ಕೂಡಿಸುತ್ತದೆ.

"ಎಲ್ಲೆಲ್ಲಿ ಪ್ರೋಗ್ರಾಂ ಮಾಡ್ತೀಯ?"

"ಮದುವೆ, ಜಾತ್ರೆ, ಗಣಪತಿ ಹಬ್ಬ."

"ಅಲ್ಲಿ ನೆಲ ಎಂಥದು?"

ಹುಡುಗ ನನ್ನ ಮುಖ ನೋಡಿದ. ಸಾಮಾನಿನ ಬಗ್ಗೆ ಕೇಳಿದರೆ ಇವರು ನೆಲದ ಬಗ್ಗೆ ಕೇಳುತ್ತಾರಲ್ಲ ಅಂತ ಅನ್ನಿಸಿರಬೇಕು. ಆದರೆ ನಮ್ಮ ಕಡೆ ಪ್ಲೇಟು ಬೇಕೋ ಪೆನ್ ಡ್ರೈವ್ ಬೇಕೋ ಅನ್ನುವುದನ್ನು ಅರ್ಧ ತೀರ್ಮಾನ ಮಾಡುವುದು ನೆಲ, ಇನ್ನರ್ಧ ಮಳೆ. ಯಾರು ನಿಜವಾದ ಡಿಜೆ ಅನ್ನುವ ಈ ಜಗಳ ಒಣ ಊರಿನವರದ್ದು. ಗಟ್ಟಿ ಕಾಂಕ್ರೀಟ್ ನೆಲ, ಎಸಿ, ಸರಿಯಾದ ಕರೆಂಟ್ ಇರುವ ಕಡೆ ಕೂತು ಎಷ್ಟು ಹೊತ್ತು ಬೇಕಾದರೂ ಆಡಬಹುದು.

ನಮ್ಮ ದೊಡ್ಡಪ್ಪ ತೀರ್ಥಹಳ್ಳಿಯಲ್ಲಿ ಮೈಕ್ ಸೆಟ್ ಇಟ್ಟಿದ್ದರು. ತೆಂಗಿನ ಮರಕ್ಕೆ ಹಾರ್ನ್ ಕಟ್ಟಿ, ಕೆಳಗೆ ಮೇಜಿನ ಮೇಲೆ ಆಂಪ್ಲಿಫೈಯರ್ ಮತ್ತು ಒಂದು ರೆಕಾರ್ಡ್ ಪ್ಲೇಯರ್. ಒಂದೇ ಒಂದು. ಹಾಡು ಮುಗಿದರೆ ಮುಳ್ಳು ಎತ್ತಬೇಕು, ಪ್ಲೇಟು ಬದಲಿಸಬೇಕು, ಮತ್ತೆ ಮುಳ್ಳು ಇಡಬೇಕು. ಆ ನಡುವಿನ ಖಾಲಿ ಜಾಗವನ್ನು ದೊಡ್ಡಪ್ಪ ಮೈಕ್ ಹಿಡಿದು "ಊಟಕ್ಕೆ ಎರಡನೇ ಪಂಕ್ತಿಯವರು ಏಳಬೇಕು" ಅಂತ ತುಂಬಿಸುತ್ತಿದ್ದರು. ಎರಡನೇ ಪ್ಲೇಯರ್ ಇದ್ದಿದ್ದರೆ ಅವರೂ ಡಿಜೆಯೇ.

ನಾನು ಸುಮ್ನೆ ಹೇಳುತ್ತಿಲ್ಲ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಪಾರ್ಟಿ ಶುರು ಮಾಡಿದಾಗ ಅವನ ಗುಟ್ಟು ಇಷ್ಟೇ. ಹಾಡಿನಲ್ಲಿ ಗಾಯನ ನಿಂತು ಬರೀ ಡ್ರಮ್ ಬರುವ ಸಣ್ಣ ತುಂಡಿಗೆ ಜನ ಜಾಸ್ತಿ ಕುಣಿಯುತ್ತಿದ್ದರು. ಅವನು ಅದೇ ಪ್ಲೇಟಿನ ಎರಡು ಪ್ರತಿ ಇಟ್ಟುಕೊಂಡ. ಒಂದರಲ್ಲಿ ಆ ತುಂಡು ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಅದನ್ನೇ ಶುರು ಮಾಡುತ್ತಿದ್ದ. ಇವತ್ತು ಕಂಟ್ರೋಲರ್‌ನಲ್ಲಿ ನೀವು ಲೂಪ್ ಬಟನ್ ಒತ್ತುತ್ತೀರಲ್ಲ, ಅದು ಈ ಕೈಕೆಲಸದ ಮೊಮ್ಮಗು.

ಪ್ಲೇಟಿನ ಪಂಥದವರ ಮನೆದೇವರು ಟೆಕ್ನಿಕ್ಸ್ ಎಸ್‌ಎಲ್-1200 ಅನ್ನುವ ಟರ್ನ್‌ಟೇಬಲ್. 1972ರಲ್ಲಿ ಬಂತು, 1979ರಲ್ಲಿ ಅದರ ಮುಂದಿನ ಮಾದರಿ ಎಂಕೆ2 ಬಂತು. ಮೋಟಾರ್ ನೇರವಾಗಿ ತಟ್ಟೆಯ ಕೆಳಗೇ ಇರುತ್ತದೆ, ಬೆಲ್ಟ್ ಇಲ್ಲ. ಕೈಯಲ್ಲಿ ಪ್ಲೇಟು ಹಿಡಿದು ಬಿಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ವೇಗಕ್ಕೆ ಬರುತ್ತದೆ. ಬೆಲ್ಟ್ ಇರುವ ಪ್ಲೇಯರ್‌ನಲ್ಲಿ ಇದನ್ನು ಮಾಡಲು ಹೋಗಬೇಡಿ, ತೊನೆಯುತ್ತಾ ಏಳುತ್ತದೆ, ಬೆಲ್ಟೂ ಹಾಳು. ಬೆಂಗಳೂರಿನ ಒಂದು ಪಬ್‌ನಲ್ಲಿ ಇದ್ದ ವರ್ಷಗಳಲ್ಲಿ ಒಂದು ಜೊತೆ 1200 ನನ್ನ ಕೈಯಲ್ಲಿ ಇತ್ತು. ಕಬ್ಬಿಣದ ತುಂಡಿನಂಥ ಸಾಮಾನು. ಅದನ್ನು ಬಳಸಿದವರಿಗೆ ಅದರ ಮೇಲೆ ಪ್ರೀತಿ ಬರದೆ ಇರುವುದಿಲ್ಲ, ಅದನ್ನು ಮೊದಲೇ ಒಪ್ಪಿಕೊಂಡು ಬಿಡುತ್ತೇನೆ.

ಊರಿಗೆ ವಾಪಸ್ ಬಂದ ಮೇಲೆ ಎರಡು ಟರ್ನ್‌ಟೇಬಲ್ ಹೊತ್ತುಕೊಂಡು ಆಗುಂಬೆ ಕಡೆ ಒಂದು ಮದುವೆಗೆ ಹೋದೆ. ಮನೆಯಂಗಳದಲ್ಲಿ ಚಪ್ಪರ, ಮರದ ಹಲಗೆ ಜೋಡಿಸಿದ ವೇದಿಕೆ. ಮೊದಲ ಕುಣಿತದ ಹಾಡಿಗೆ ಹುಡುಗನ ಸ್ನೇಹಿತರು ಹತ್ತು ಜನ ಹಲಗೆ ಮೇಲೆ ಹಾರಿದರು. ಮುಳ್ಳೂ ಹಾರಿತು. ಎರಡನೇ ಹಾಡಿಗೆ ಬೇಸ್ ಏರಿಸಿದೆ, ಬೇಸಿನ ನಡುಕ ಹಲಗೆಯಿಂದ ಮೇಜಿಗೆ, ಮೇಜಿಂದ ಮುಳ್ಳಿಗೆ, ಮುಳ್ಳಿಂದ ಮತ್ತೆ ಬಾಕ್ಸಿಗೆ ಹೋಗಿ 'ಗೂಂ...' ಅಂತ ಒಂದೇ ಸಮನೆ ಕೂಗತೊಡಗಿತು. ಗಂಡಿನ ಅಜ್ಜಿ ಭೂಕಂಪ ಅಂದುಕೊಂಡು ಹೊರಗೆ ಬಂದರು.

ಇಷ್ಟಾದರೂ ಪ್ಲೇಟೇ ಬೇಕು ಅನ್ನುವವರು

ಬೇಡ ಅನ್ನುವುದಿಲ್ಲ. ಆದರೆ ಹೀಗೆ ಮಾಡಿ. ಮೇಜಿನ ಮೇಲೆ ದಪ್ಪ ಸ್ಪಂಜು ಹಾಸಿ, ಅದರ ಮೇಲೆ ಒಂದು ಕಡಪ ಕಲ್ಲು ಇಡಿ, ಟರ್ನ್‌ಟೇಬಲ್ ಆ ಕಲ್ಲಿನ ಮೇಲೆ ಕೂರಲಿ. ಭಾರವಾದ ಕಲ್ಲು, ಮೆತ್ತನೆಯ ತಳ, ಇವೆರಡೂ ಸೇರಿದರೆ ನಡುಕ ಬಹಳ ಮಟ್ಟಿಗೆ ಮೇಲೆ ಹತ್ತುವುದಿಲ್ಲ. ಮೇಜನ್ನು ಹಲಗೆ ಮೇಲೆ ಇಡಬೇಡಿ, ಪಕ್ಕದ ಗಟ್ಟಿ ಅಂಗಳದಲ್ಲಿಡಿ. ಬೇಸ್ ಬಾಕ್ಸ್ ಮೇಜಿಗೆ ಒರಗಿಕೊಂಡಿರಬಾರದು.

ಮುಳ್ಳಿನ ಭಾರ ಎಷ್ಟಿರಬೇಕು ಅಂತ ಕಾರ್ಟ್ರಿಡ್ಜ್ (ಮುಳ್ಳು ಕೂರುವ ತಲೆ) ಜೊತೆ ಬರುವ ಚೀಟಿಯಲ್ಲೇ ಇರುತ್ತದೆ. ಡಿಜೆ ಕಾರ್ಟ್ರಿಡ್ಜ್‌ಗಳಲ್ಲಿ ಸಾಮಾನ್ಯವಾಗಿ 3ರಿಂದ 4 ಗ್ರಾಂ. ಹಾರುತ್ತದೆ ಅಂತ ಅದರ ತಲೆ ಮೇಲೆ ನಾಣ್ಯ ಇಡುವ ಅಭ್ಯಾಸ ದೊಡ್ಡಪ್ಪನ ಕಾಲದ್ದು. ಪ್ಲೇಟು ಸವೆಯುತ್ತದೆ, ಮಾಡಬೇಡಿ.

ವೈರ್ ಹಾಕುವಾಗ ಎರಡು ತಪ್ಪು ಎಲ್ಲರೂ ಮಾಡುತ್ತಾರೆ. ಟರ್ನ್‌ಟೇಬಲ್‌ನಿಂದ ಬರುವ ಸಿಗ್ನಲ್ ತೀರಾ ಸಣ್ಣದು, ಅದು ಹಾಡುಗಳನ್ನು ಬೆರೆಸುವ ಪೆಟ್ಟಿಗೆಯ, ಅಂದರೆ ಮಿಕ್ಸರ್‌ನ, 'ಫೋನೋ' ಕಿಂಡಿಗೇ ಹೋಗಬೇಕು. 'ಲೈನ್'ಗೆ ಹಾಕಿದರೆ ಸೊಳ್ಳೆ ಹಾಡಿದ ಹಾಗೆ ಕೇಳುತ್ತದೆ. ಪೆನ್ ಡ್ರೈವ್ ಪ್ಲೇಯರನ್ನು 'ಫೋನೋ'ಗೆ ಹಾಕಿದರೆ ಉಲ್ಟಾ, ಒಡೆದ ತಗಡಿನ ಸದ್ದು. ಇನ್ನೊಂದು, ಟರ್ನ್‌ಟೇಬಲ್‌ನಿಂದ ಪ್ರತ್ಯೇಕವಾಗಿ ಒಂದು ತೆಳು ಅರ್ಥ್ ವೈರ್ ಬರುತ್ತದೆ. ಅದನ್ನು ಮಿಕ್ಸರ್‌ನ ಹಿಂದಿನ ತಿರುಪಿಗೆ ಕಟ್ಟದಿದ್ದರೆ ಇಡೀ ಮದುವೆ 'ಹುಂ' ಅನ್ನುತ್ತಿರುತ್ತದೆ.

ಇನ್ನು ಬೂಷ್ಟು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಚಪ್ಪಲಿಗೆ ಬರುತ್ತದೆ, ಬೆಲ್ಟಿಗೆ ಬರುತ್ತದೆ, ಪ್ಲೇಟಿಗೂ ಬರುತ್ತದೆ. ಡಿಸ್ಟಿಲ್ಡ್ ವಾಟರ್‌ಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತನೆ ಬಟ್ಟೆಯಲ್ಲಿ ಗೆರೆಯ ಉದ್ದಕ್ಕೂ ಸುತ್ತಾಗಿ ಒರೆಸಿ, ಮತ್ತೆ ಬರೀ ನೀರಲ್ಲಿ ಒರೆಸಿ ಒಣಗಿಸಿ. ಮನೆಯಲ್ಲಿ ಅಜ್ಜನ ಕಾಲದ ಭಾರದ 78 ಆರ್‌ಪಿಎಂ ಪ್ಲೇಟಿದ್ದರೆ ಅದಕ್ಕೆ ಸ್ಪಿರಿಟ್ ಮುಟ್ಟಿಸಲೇಬೇಡಿ. ಅದು ಅರಗಿನ ಪ್ಲೇಟು, ಸ್ಪಿರಿಟ್‌ಗೆ ಕರಗುತ್ತದೆ. ಅದಕ್ಕೆ ಬೇಕಾದ ಮುಳ್ಳೂ ಬೇರೆ. ಪ್ಲೇಟುಗಳನ್ನು ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಬೆಚ್ಚಗಿರುತ್ತದೆ ಅಂತ ನಮ್ಮ ದೊಡ್ಡಮ್ಮ ಒಂದು ಮಳೆಗಾಲ ಟ್ರಂಕನ್ನು ಬಚ್ಚಲ ಒಲೆಯ ಪಕ್ಕಕ್ಕೆ ಸರಿಸಿದ್ದರು. ಬೂಷ್ಟು ಬರಲಿಲ್ಲ, ಹನ್ನೊಂದು ಪ್ಲೇಟು ಹಪ್ಪಳ ಆದವು.

ಹಾಡು ಎಲ್ಲಿಂದ ತರುತ್ತೀರಿ ಅನ್ನುವುದು ಬೇರೆ ಪ್ರಶ್ನೆ. ಮದುವೆಯಲ್ಲಿ ಹುಡುಗರು ಕೇಳುವುದು ಮೊನ್ನೆ ಬಂದ ಸಿನಿಮಾ ಹಾಡು. ಅದನ್ನು ಪ್ಲೇಟಿನಲ್ಲಿ ಹುಡುಕಲು ಹೋದರೆ ಮದುವೆ ಮುಗಿದು ಬೀಗರ ಊಟವೂ ಮುಗಿದಿರುತ್ತದೆ. ಇದಕ್ಕೆ ಒಂದು ನಡುದಾರಿ ಇದೆ, ಟೈಮ್‌ಕೋಡ್ ಪ್ಲೇಟು. ಅದರಲ್ಲಿ ಹಾಡು ಇರುವುದಿಲ್ಲ, ಬರೀ ಒಂದು ಸಂಕೇತದ ಸದ್ದು ಇರುತ್ತದೆ. ಪ್ಲೇಟು ಯಾವ ಕಡೆ, ಎಷ್ಟು ವೇಗದಲ್ಲಿ ತಿರುಗುತ್ತಿದೆ, ಮುಳ್ಳು ಎಲ್ಲಿದೆ ಅಂತ ಸಾಫ್ಟ್‌ವೇರ್ ಅದರಿಂದ ತಿಳಿದು ಲ್ಯಾಪ್‌ಟಾಪಿನ ಹಾಡನ್ನು ಹಾಗೇ ಓಡಿಸುತ್ತದೆ. ಡಿಜೆ ಸಾಫ್ಟ್‌ವೇರ್ ಮಾಡುವ ಸೆರಾಟೊದವರು ಇದನ್ನು 2004ರಿಂದ ಮಾಡುತ್ತಿದ್ದಾರೆ. ಕೈಗೆ ಪ್ಲೇಟಿನ ಸುಖ, ಹಾಡು ಮಾತ್ರ ಹೊಸದು. ಆದರೆ ಮುಳ್ಳು ಹಾರುವ ಕಷ್ಟ ಹಾಗೇ ಉಳಿಯುತ್ತದೆ, ಅದರ ಮೇಲೆ ಲ್ಯಾಪ್‌ಟಾಪಿನ ಕಷ್ಟ ಬೇರೆ. ಗಣಪತಿ ಬಿಡುವ ದಿನ ಟ್ರ್ಯಾಕ್ಟರ್ ಟ್ರೈಲರ್ ಮೇಲೆ ಇದನ್ನು ಇಡುವ ಯೋಚನೆ ಇದ್ದವರು ನಮ್ಮ ರಸ್ತೆ ಒಮ್ಮೆ ನೋಡಿಕೊಂಡು ಬನ್ನಿ.

ಅದಕ್ಕೇ ಆ ಹುಡುಗನಿಗೆ ನಾನು ಹೇಳಿದ್ದು, ಎರಡು ಚಾನೆಲ್ಲಿನ ಒಂದು ಸಾದಾ ಕಂಟ್ರೋಲರ್ ತಗೋ. ಒಂದು ಜೊತೆ ಟರ್ನ್‌ಟೇಬಲ್, ಮಿಕ್ಸರ್, ಎರಡು ಕಾರ್ಟ್ರಿಡ್ಜ್ ಅಂತ ಹೊರಟರೆ ಅದರ ಎಷ್ಟೋ ಪಟ್ಟು ಆಗುತ್ತದೆ. ಉಳಿದ ದುಡ್ಡಲ್ಲಿ ಒಳ್ಳೆ ಹೆಡ್‌ಫೋನ್ ಮತ್ತು ಒಂದು ಯುಪಿಎಸ್. ಮತ್ತೆ ಹತ್ತು ರೂಪಾಯಿಯ ಒಂದು ಇನ್ಸುಲೇಷನ್ ಟೇಪು.

ಟೇಪು ಯಾಕೆ

ಲ್ಯಾಪ್‌ಟಾಪಿನಲ್ಲಿ ಬಿಪಿಎಂ (ಹಾಡಿನಲ್ಲಿ ನಿಮಿಷಕ್ಕೆ ಎಷ್ಟು ಪೆಟ್ಟು ಅನ್ನುವ ಲೆಕ್ಕ) ತೋರಿಸುವ ಜಾಗಕ್ಕೆ ಅಂಟಿಸಲಿಕ್ಕೆ. ಸ್ಕ್ರೀನ್ ಮೇಲೆ ಅಂಟು ಬೇಡ ಅನ್ನುವವರು ಒಂದು ರಟ್ಟು ನಿಲ್ಲಿಸಿ. ಸಿಂಕ್ ಬಟನ್ ಮೇಲೂ ಒಂದು ತುಂಡು ಅಂಟಿಸಿ. ಮೂರು ತಿಂಗಳು ಅದು ಅಲ್ಲೇ ಇರಲಿ. ಪ್ಲೇಟಿನವರ ಹತ್ತಿರ ಕಲಿಯಬೇಕಾದ ಒಂದೇ ವಿದ್ಯೆ ಇದು, ಕಿವಿಯಲ್ಲಿ ಬೀಟ್ ಕೂಡಿಸುವುದು. ಅದಕ್ಕೆ ಟರ್ನ್‌ಟೇಬಲ್ ಬೇಕಾಗಿಲ್ಲ.

ಮೊದಲ ವಾರ ಎರಡೂ ಕಡೆ ಒಂದೇ ಹಾಡು ಹಾಕಿ. ಒಂದು ಕಡೆಯದು ಸ್ಪೀಕರಿಗೆ, ಇನ್ನೊಂದು ಹೆಡ್‌ಫೋನಿಗೆ, ಅದೂ ಒಂದೇ ಕಿವಿಗೆ. ಸ್ಪೀಕರಿನ ಹಾಡಿಗೆ ಒಂದು-ಎರಡು-ಮೂರು-ನಾಲ್ಕು ಎಣಿಸಿ. ಎರಡನೇ ಹಾಡಿನ ಮೊದಲ ಪೆಟ್ಟನ್ನು ಬೆರಳಿನ ಕೆಳಗೆ ತಡೆದಿಟ್ಟುಕೊಂಡು, ನಿಮ್ಮ 'ಒಂದು' ಬಂದಾಗ ಬಿಡಿ. ಎರಡೂ ಕೂಡಿದರೆ ಒಂದೇ ಪೆಟ್ಟು ಕೇಳುತ್ತದೆ. ಕೂಡದಿದ್ದರೆ 'ಟಕಟಕ, ಟಕಟಕ' ಅಂತ ಕುದುರೆ ಓಡುತ್ತದೆ.

ಕುದುರೆ ಓಡಿದರೆ ನನ್ನದು ಹಿಂದಿದೆಯಾ ಮುಂದಿದೆಯಾ ಅಂತ ಯೋಚಿಸುತ್ತಾ ನಿಲ್ಲಬೇಡಿ. ಚಕ್ರವನ್ನು ಒಂದು ಕಡೆ ಸ್ವಲ್ಪ ತಳ್ಳಿ. ಇನ್ನೂ ಕೆಟ್ಟರೆ ಆ ಕಡೆ ಅಲ್ಲ, ಈ ಕಡೆ. ಅಷ್ಟೇ.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಚಕ್ರ ತಳ್ಳುವುದು ಬೇರೆ, ಹಾಡಿನ ವೇಗ ಬದಲಿಸುವ ಪಿಚ್ ಸ್ಲೈಡರ್ ಸರಿಸುವುದು ಬೇರೆ. ಸಾಗರ ರಸ್ತೆಯಲ್ಲಿ ಎರಡು ಬಸ್ ಅಕ್ಕಪಕ್ಕ ಹೋಗಬೇಕು ಅಂದುಕೊಳ್ಳಿ. ಹಿಂದಿನದು ಒಮ್ಮೆ ಜೋರಾಗಿ ಬಂದು ಪಕ್ಕಕ್ಕೆ ಸೇರುವುದು ಚಕ್ರದ ಕೆಲಸ. ಸೇರಿದ ಮೇಲೆ ಎರಡೂ ಒಂದೇ ಸ್ಪೀಡಲ್ಲಿ ಹೋಗುವುದು ಸ್ಲೈಡರ್ ಕೆಲಸ. ನೀವು ಹತ್ತು ಸೆಕೆಂಡಿಗೊಮ್ಮೆ ಚಕ್ರವನ್ನು ಒಂದೇ ಕಡೆಗೆ ತಳ್ಳುತ್ತಿದ್ದೀರಿ ಅಂದರೆ ಸ್ಲೈಡರ್ ತಪ್ಪಿದೆ ಅಂತಲೇ ಅರ್ಥ. ಒಂದು ನಿಮಿಷ ಕೈ ಮುಟ್ಟಿಸದೆ ಕೂಡಿ ನಿಂತರೆ ಆ ಹಾಡಿನ ಪಾಠ ಆಯಿತು. ಆಮೇಲೆ ಬೇರೆ ಬೇರೆ ಹಾಡು. 100 ಬಿಪಿಎಂ ಹಾಡನ್ನು 104ಕ್ಕೆ ಕೂಡಿಸಲು 4 ಶೇಕಡಾ ಏರಿಸಬೇಕು. 1200ರ ಸ್ಲೈಡರ್ 8 ಶೇಕಡಾ ಮೇಲೆ, 8 ಶೇಕಡಾ ಕೆಳಗೆ ಮಾತ್ರ ಹೋಗುತ್ತಿತ್ತು, ಅಂದರೆ 92ರಿಂದ 108. ಅದಕ್ಕಿಂತ ದೂರದ ಹಾಡುಗಳನ್ನು ಎಳೆದು ತರಬೇಡಿ, ಕೂಡಿದರೂ ಚೆನ್ನಾಗಿರುವುದಿಲ್ಲ.

ಪ್ಲೇಟಿನಲ್ಲಿ ವೇಗ ಏರಿದರೆ ಶ್ರುತಿಯೂ ಏರುತ್ತದೆ. ಸುಮಾರು 6 ಶೇಕಡಾ ಏರಿಸಿದರೆ ಹಾರ್ಮೋನಿಯಂನಲ್ಲಿ ಒಂದು ಮನೆ ಮೇಲೆ ಹೋದ ಹಾಗೆ. ಡಿಜಿಟಲ್‌ನಲ್ಲಿ 'ಕೀ ಲಾಕ್' ಒತ್ತಿದರೆ ಶ್ರುತಿ ಇದ್ದಲ್ಲೇ ಇರುತ್ತದೆ. ಹೊಸ ಹಾಡಿಗೆ ಒತ್ತಿಕೊಳ್ಳಿ. ಹಳೆಯ ಗಾಯಕರ ಹಾಡನ್ನು ಜಾಸ್ತಿ ಎಳೆದಾಗ ಮಾತ್ರ ಕೊಳವೆಯಲ್ಲಿ ಹಾಡಿದ ಹಾಗೆ ಕೇಳುತ್ತದೆ, ನನಗೆ ಸಹಿಸಲು ಆಗುವುದಿಲ್ಲ.

ಈ ಕಸರತ್ತೆಲ್ಲ ಯಾಕೆ, ಸಿಂಕ್ ಇದೆಯಲ್ಲ ಅಂತ ಕೇಳುತ್ತೀರಿ. ಸಿಂಕ್ ತಪ್ಪಲ್ಲ, ನಾನೂ ಒತ್ತುತ್ತೇನೆ. ಕಂಪ್ಯೂಟರಿನಲ್ಲಿ ತಾಳ ಹಾಕಿ ಮಾಡಿದ ಈಗಿನ ಹಾಡುಗಳಿಗೆ ಅದು ಗಡಿಯಾರದ ಹಾಗೆ ಕೂಡಿಸುತ್ತದೆ. ಆದರೆ ರಾತ್ರಿ ಒಂಬತ್ತಾದ ಮೇಲೆ ಹುಡುಗಿಯ ಚಿಕ್ಕಪ್ಪ ಬಂದು "ಒಂದು ಹಳೇ ಕನ್ನಡ ಹಾಕಪ್ಪ" ಅಂತಾರೆ. ಆಗಿನ ಹಾಡುಗಳಲ್ಲಿ ತಬಲಾ, ಢೋಲಕ್, ಡ್ರಮ್ಸ್ ನುಡಿಸಿದ್ದು ಮನುಷ್ಯರು. ಪಲ್ಲವಿಯಲ್ಲಿ ಒಂದು ವೇಗ, ಎರಡನೇ ಚರಣಕ್ಕೆ ಹುಮ್ಮಸ್ಸು ಬಂದು ಸ್ವಲ್ಪ ಜಾಸ್ತಿ. ಸಾಫ್ಟ್‌ವೇರ್ ಹಾಡಿನ ಮೇಲೆ ಸಮ ಅಳತೆಯ ಗೆರೆ ಎಳೆದಿಟ್ಟಿರುತ್ತದೆ, ಹಾಡು ಆ ಗೆರೆ ಬಿಟ್ಟು ನಡೆಯುತ್ತದೆ. ಆರು ಮಾತ್ರೆಯ ನಡೆಯ ಹಾಡಾದರೆ ಎಣಿಕೆಯೇ ತಪ್ಪಿ, ಅರ್ಧವನ್ನೋ ಎರಡರಷ್ಟನ್ನೋ ತೋರಿಸುವುದೂ ಉಂಟು. ಅಂಥಲ್ಲಿ ಸಿಂಕ್ ತೆಗೆದು, ಚಕ್ರದ ಮೇಲೆ ಬೆರಳಿಟ್ಟು, ಕಿವಿ ಹೇಳಿದಂತೆ ಮಾಡಬೇಕು.

ಸೊರಬ ಹತ್ತಿರದ ಒಂದು ಊರಿನಲ್ಲಿ ನನ್ನ ಹಾಡಿನ ಜೊತೆ ಡೊಳ್ಳಿನ ತಂಡ ಬಾರಿಸಬೇಕಿತ್ತು. ನಾನು ಸಾಫ್ಟ್‌ವೇರ್ ಎಳೆದ ಆ ಗೆರೆಗಳನ್ನು, ಅಂದರೆ ಗ್ರಿಡ್ ನಂಬಿಕೊಂಡು ನಿಂತೆ. ಡೊಳ್ಳಿನವರು ಅರ್ಧ ನಿಮಿಷ ನನ್ನ ಜೊತೆ ಇದ್ದರು, ಆಮೇಲೆ ಅವರ ಪಾಡಿಗೆ ಏರಿದರು. ಹನ್ನೆರಡು ಡೊಳ್ಳಿನ ಮುಂದೆ ಲ್ಯಾಪ್‌ಟಾಪ್ ಹಟ ಮಾಡಿದರೆ ಯಾರು ಗೆಲ್ಲುತ್ತಾರೆ? ಅವತ್ತಿನಿಂದ ನನ್ನ ಕ್ರಮ ಹೀಗೆ. ಗಾಯನ ಇರುವ ಹಾಡು ಹಾಕುವುದಿಲ್ಲ, ನಾಲ್ಕು ಪೆಟ್ಟಿನ ಸಣ್ಣ ಲೂಪ್ ಮಾತ್ರ. ಎಡಗೈ ಸ್ಲೈಡರ್ ಮೇಲೆ, ಬಲಗೈ ಚಕ್ರದ ಮೇಲೆ, ಕಣ್ಣು ಮುಂದಾಳಿನ ಕೋಲಿನ ಮೇಲೆ. ಅವರು ಏರಿದರೆ ನಾನು ಹಿಂದೆ ಹೋಗುತ್ತೇನೆ. ನಾನು ಮುಂದೆ ಹೋಗಿ ಅವರನ್ನು ಎಳೆಯುವುದಿಲ್ಲ.

ಇಲ್ಲಿ ಇನ್ನೊಂದು ಲೆಕ್ಕ ಇದೆ. ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನಮ್ಮ ಕಡೆ ಡಿಜೆ ಮೇಜು ಅಂಗಳದ ಒಂದು ಮೂಲೆಯಲ್ಲಿ, ಬಾಕ್ಸ್ ಇನ್ನೊಂದು ಮೂಲೆಯಲ್ಲಿ. 17 ಮೀಟರ್ ದೂರ ಇದ್ದರೆ ಸದ್ದು ನಿಮ್ಮ ಕಿವಿಗೆ 50 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. 120 ಬಿಪಿಎಂ ಹಾಡಿನಲ್ಲಿ ಅದು ಒಂದು ಬೀಟಿನ ಹತ್ತನೇ ಒಂದು ಪಾಲು, ಕುದುರೆ ಓಡಲು ಧಾರಾಳ ಸಾಕು. ಹಾಗಾಗಿ ದೂರದ ಬಾಕ್ಸ್ ಕೇಳಿ ಕೂಡಿಸಬೇಡಿ. ಮೇಜಿನ ಪಕ್ಕ ಒಂದು ಸಣ್ಣ ಮಾನಿಟರ್ ಸ್ಪೀಕರ್ ಇಡಿ, ಇಲ್ಲವೇ ಎರಡೂ ಹಾಡು ಹೆಡ್‌ಫೋನಿನಲ್ಲೇ ಕೇಳಿ. ಸಾಫ್ಟ್‌ವೇರ್‌ನಲ್ಲಿ ಬಫರ್ (ಸದ್ದನ್ನು ಹೊರಬಿಡುವ ಮೊದಲು ತುಂಬಿಟ್ಟುಕೊಳ್ಳುವ ಜಾಗ) 512 ಇಟ್ಟರೆ ತಡ 12 ಮಿಲಿಸೆಕೆಂಡ್ ಹತ್ತಿರ, ಅಂದರೆ ನಾಲ್ಕು ಮೀಟರ್ ಗಾಳಿಯಷ್ಟು. 256ಕ್ಕೆ ಇಳಿಸಿ ನೋಡಿ, ಸದ್ದು ಚಿಟಪಟ ಅಂದರೆ ವಾಪಸ್ ಏರಿಸಿ. 'ಡಿಜಿಟಲ್ ತಡ' ಅಂತ ದೂರುವವರಲ್ಲಿ ಎಷ್ಟೋ ಜನ ಬಾಕ್ಸ್‌ನಿಂದ ದೂರ ನಿಂತಿರುತ್ತಾರೆ, ಅಷ್ಟೇ.

ಡಿಜಿಟಲ್‌ನ ಹಾಳು ಬುದ್ಧಿ

ಪ್ಲೇಟು ಕೆಟ್ಟರೆ ಒಂದು ಹಾಡು ಕೆಡುತ್ತದೆ. ಲ್ಯಾಪ್‌ಟಾಪ್ ಕೆಟ್ಟರೆ ಮದುವೆ. ಹೊಸನಗರದ ಒಂದು ರಿಸೆಪ್ಷನ್‌ನಲ್ಲಿ ನನ್ನ ಲ್ಯಾಪ್‌ಟಾಪ್ ನಡು ಹಾಡಿನಲ್ಲಿ ಅಪ್‌ಡೇಟ್ ಆಗಲು ಕೂತಿತು. ನಾಲ್ಕು ನಿಮಿಷ ಮೌನ. ಹುಡುಗಿಯ ಸೋದರಮಾವ ಬಂದು "ಎಂತ ಮಾರಾಯ, ಕರೆಂಟ್ ಹೋಯ್ತಾ?" ಅಂದರು. ಕರೆಂಟ್ ಇತ್ತು, ಅದೇ ನಾಚಿಕೆ.

ಈಗ ಹೊರಡುವ ಹಿಂದಿನ ದಿನ ಅಪ್‌ಡೇಟ್ ಎಲ್ಲ ಮುಗಿಸಿ, ಅಲ್ಲಿ ಹೋದ ಮೇಲೆ ವೈಫೈ ಬಂದ್ ಮಾಡುತ್ತೇನೆ. ಮಿಕ್ಸರ್‌ನ ಒಂದು ಖಾಲಿ ಚಾನೆಲ್‌ಗೆ ಫೋನ್ ಸಿಕ್ಕಿಸಿ, ಒಂದು ಗಂಟೆಯ ಹಾಡು ಸಿದ್ಧ ಇಟ್ಟಿರುತ್ತೇನೆ, ಫೋನ್ ಏರೋಪ್ಲೇನ್ ಮೋಡ್‌ನಲ್ಲಿ. ಪೆನ್ ಡ್ರೈವ್ ಎರಡು, ಎರಡರಲ್ಲೂ ಅದೇ ಹಾಡು. ಫಾರ್ಮ್ಯಾಟ್ ಎಫ್‌ಎಟಿ32, ಯಾಕೆಂದರೆ ಬೇರೆಯದನ್ನು ಎಷ್ಟೋ ಹಳೆಯ ಪ್ಲೇಯರ್‌ಗಳು ಓದುವುದಿಲ್ಲ. ನನ್ನ ಪ್ಲೇಯರ್‌ನಲ್ಲಿ ಕನ್ನಡ ಅಕ್ಷರ ಚೌಕ ಚೌಕ ಕಾಣುತ್ತದೆ, ಹಾಗಾಗಿ ಫೈಲ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿ. ಬೇಜಾರಿನ ವಿಷಯ, ಆದರೆ ಕತ್ತಲಲ್ಲಿ ಚೌಕ ಓದಲು ಆಗುವುದಿಲ್ಲ. ಹಾಡು 320 ಕೆಬಿಪಿಎಸ್ (ಸದ್ದಿನ ಗುಣಮಟ್ಟದ ಅಳತೆ) ಇರಲಿ, ದುಡ್ಡು ಕೊಟ್ಟು ತೆಗೆದುಕೊಳ್ಳಿ. 128ರ ಫೈಲನ್ನು 320ಕ್ಕೆ ಬದಲಿಸಿದರೆ ಫೈಲ್ ದಪ್ಪ ಆಗುತ್ತದೆ, ಸದ್ದು ಆಗುವುದಿಲ್ಲ. ಪಲಾವ್ ಕಡಿಮೆ ಆಯಿತು ಅಂತ ದೊಡ್ಡ ಪಾತ್ರೆಗೆ ಹಾಕಿದ ಹಾಗೆ.

ಜನರೇಟರ್‌ಗೆ ಬದಲಾಗುವ ಕ್ಷಣದಲ್ಲಿ ಲ್ಯಾಪ್‌ಟಾಪಿಗೆ ಅದರದೇ ಬ್ಯಾಟರಿ ಇದೆ, ಮಿಕ್ಸರ್‌ಗೆ, ಪ್ಲಗ್ ಹಾಕಿ ಓಡಿಸುವ ಕಂಟ್ರೋಲರ್‌ಗೆ ಇಲ್ಲ. ಯುಪಿಎಸ್ ಅವಕ್ಕೆ. ಆಂಪ್ಲಿಫೈಯರ್ ಅನ್ನು ಯುಪಿಎಸ್‌ಗೆ ಹಾಕಬೇಡಿ, ತಡೆಯುವುದಿಲ್ಲ. 'ಹುಂ' ಅನ್ನುವ ಸದ್ದು ಬಂದರೆ ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಕಳ್ಳ ಸಿಕ್ಕಿದ.

ಮಳೆಯಲ್ಲಿ ತಣ್ಣಗಾದ ಸಾಮಾನನ್ನು ಜೀಪಿನಿಂದ ಇಳಿಸಿ, ಜನ ತುಂಬಿದ ಬೆಚ್ಚಗಿನ ಹಾಲಿಗೆ ತಂದ ಕೂಡಲೇ ಸ್ವಿಚ್ ಹಾಕಬೇಡಿ. ಕನ್ನಡಕಕ್ಕೆ ಮಂಜು ಕೂತ ಹಾಗೆ ಒಳಗೂ ಕೂರುತ್ತದೆ. ಅರ್ಧ ಗಂಟೆ ಬಿಡಿ, ಅಷ್ಟರಲ್ಲಿ ನೀವು ಕಾಫಿ ಕುಡಿಯಿರಿ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇರಲಿ. ಫೇಡರ್ (ಸದ್ದು ಏರಿಳಿಸುವ ಜಾರುಗುಂಡಿ) ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚೂರು ಹೊಡೆದು, ಹತ್ತಿಪ್ಪತ್ತು ಸಲ ಆಚೀಚೆ ಆಡಿಸಿ. ತೆಂಗಿನೆಣ್ಣೆ ಬಿಟ್ಟವರನ್ನೂ ನೋಡಿದ್ದೇನೆ, ದಯವಿಟ್ಟು ಬೇಡ.

ಸಮಯದ್ದು ಒಂದು ಮಾತು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಹಾಕುವಂತಿಲ್ಲ. ಮುಚ್ಚಿದ ಹಾಲ್ ಬೇರೆ ಮಾತು, ಅಂಗಳದ ಚಪ್ಪರ ಮುಚ್ಚಿದ ಹಾಲ್ ಅಲ್ಲ. ಮೆರವಣಿಗೆಗೆ ಡಿಜೆ ಬಿಡುತ್ತಾರಾ ಇಲ್ಲವಾ ಅಂತ ಠಾಣೆಯಲ್ಲಿ ಮೊದಲೇ ಕೇಳಿಕೊಂಡು, ಆಮೇಲೆ ಅಡ್ವಾನ್ಸ್ ತೆಗೆದುಕೊಳ್ಳಿ. ಮಿಕ್ಸರ್‌ನ ಕೆಂಪು ದೀಪ ಹತ್ತಿದರೆ ಜೋರು ಅಂತ ಅಲ್ಲ, ಒಡೆಯುತ್ತಿದೆ ಅಂತ.

ನಾನು ಒಂಬತ್ತು ಮುಕ್ಕಾಲಿಗೆ ಕೊನೆಯ ಹಾಡು ಹಾಕುತ್ತೇನೆ. ಆಮೇಲೆ ಬಿಚ್ಚುವಾಗಿನ ಕ್ರಮ ನೆನಪಿಡಿ. ಮೊದಲು ಆಂಪ್ಲಿಫೈಯರ್ ಆಫ್, ಆಮೇಲೆ ಮಿಕ್ಸರ್, ಕೊನೆಗೆ ಪ್ಲೇಯರ್ ಇಲ್ಲವೇ ಕಂಟ್ರೋಲರ್. ಹಾಕುವಾಗ ಇದರ ಉಲ್ಟಾ. ತಪ್ಪಿದರೆ ಬಾಕ್ಸಿನಲ್ಲಿ 'ಢಬ್' ಅಂತ ಕೇಳುತ್ತದೆ, ಬಾಕ್ಸಿನೊಳಗಿನ ಸಣ್ಣ ಸ್ಪೀಕರ್, ಅಂದರೆ ಟ್ವೀಟರ್ ಹೋದರೂ ಹೋಯಿತು. ವೈರ್‌ಗಳನ್ನು ಒಣ ಬಟ್ಟೆಯಲ್ಲಿ ಒರೆಸಿಯೇ ಸುತ್ತಿ. ಪೆನ್ ಡ್ರೈವ್ ಪ್ಲೇಯರ್‌ನಲ್ಲೇ ಬಿಟ್ಟು ಬರಬೇಡಿ. ರಿಪ್ಪನ್‌ಪೇಟೆಯ ಹುಡುಗ ಎರಡು ಸಲ ಬಿಟ್ಟು ಬಂದಿದ್ದಾನೆ, ಈಗ ಅದಕ್ಕೆ ಒಂದು ಕೆಂಪು ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿರುತ್ತಾನೆ.